ದಿನಕ್ಕೆ ₹590ರ ಲೇಬರ್: ಒಂದು ಮಿಡಿಸೌತೆ ಘಟಕದ ಪ್ರಕರಣ

ಹಿನ್ನೆಲೆ

ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿರುವ ಈ ಘಟಕ ರೈತರಿಂದ ಮಿಡಿಸೌತೆ ಕೊಂಡು, ಗಾತ್ರಕ್ಕೆ ತಕ್ಕಂತೆ ಗ್ರೇಡ್ ಮಾಡಿ, ವಿನೆಗರ್ ತುಂಬಿದ ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ ರಫ್ತು ಮಾಡುತ್ತದೆ. ಗುರುತು ಸಿಗಬಾರದೆಂದು ಊರಿನ ಹೆಸರು, ವರ್ಷ ಎರಡನ್ನೂ ಬಿಟ್ಟಿದ್ದೇವೆ. ಅಂಕಿಗಳನ್ನು ಲೆಕ್ಕಕ್ಕೆ ಒಗ್ಗುವಂತೆ ದುಂಡಗೆ ಮಾಡಿದ್ದೇವೆ. ದಿನಗೂಲಿಯನ್ನು ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನದ ಬದಲು ₹500 ಎಂದಿಟ್ಟುಕೊಂಡಿದ್ದೇವೆ. ನಿಮ್ಮ ಉದ್ಯಮದ ನಿಜವಾದ ದರ ಹಾಕಿಕೊಂಡು ಲೆಕ್ಕ ಮಾಡಿದರೂ ತೀರ್ಮಾನ ಬದಲಾಗುವುದಿಲ್ಲ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬರುವ ಮುಂಚೆ ನಡೆದದ್ದು ಇದು. ಆದ್ದರಿಂದ ಇಲ್ಲಿ ಬರುವುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಮತ್ತು ಆಗಿನ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆಗಳು.

ಮಿಡಿಸೌತೆ ಬಿತ್ತಿದ 30-35 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅಲ್ಲಿಂದ ಮುಂದೆ ದಿನವೂ ಕೀಳಬೇಕು. ಒಂದು ದಿನ ಬಿಟ್ಟರೆ ಕಾಯಿ ದಪ್ಪಗಾಗಿ ದರ್ಜೆ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕಿತ್ತ ಕಾಯಿ ಅಂದು ರಾತ್ರಿಯೇ ಘಟಕಕ್ಕೆ ಬಂದು, ಮಾರನೇ ದಿನದೊಳಗೆ ಡ್ರಮ್ ಸೇರಬೇಕು. ಮಳೆ, ಬಿಸಿಲು, ಬಿತ್ತನೆಯ ದಿನ ನೋಡಿಕೊಂಡು ಆವಕ ಏರಿಳಿಯುತ್ತದೆ. ಈ ಘಟಕಕ್ಕೆ ಮಂದ ದಿನದಲ್ಲಿ 12 ಟನ್, ಜೋರು ದಿನದಲ್ಲಿ 30 ಟನ್ ಬರುತ್ತಿತ್ತು. ಹೂವಿನ ತುಣುಕು ತೆಗೆದು, ಸೊಟ್ಟ ಕಾಯಿ, ಗಾಯದ ಕಾಯಿ ಬೇರೆ ಮಾಡಿ ಗ್ರೇಡ್ ಮಾಡಲು ಒಬ್ಬ ಹೆಂಗಸಿಗೆ ಒಂದು ಶಿಫ್ಟಿನಲ್ಲಿ ಸುಮಾರು 300 ಕೆಜಿ ಸಾಗುತ್ತಿತ್ತು. ಅಂದರೆ ಒಂದು ದಿನ 40 ಜನ ಸಾಕು, ಇನ್ನೊಂದು ದಿನ 100 ಜನ ಬೇಕು. ಘಟಕದ ಸ್ವಂತ ನೌಕರರು 22 ಜನ: ಬಾಯ್ಲರ್, ಲ್ಯಾಬ್, ಸ್ಟೋರ್, ಕಚೇರಿ, ಮೆಕ್ಯಾನಿಕ್. ಗ್ರೇಡಿಂಗ್ ಪೂರ್ತಿ ಲೇಬರ್ ಕಂಟ್ರಾಕ್ಟರ್ ಕೈಯಲ್ಲಿತ್ತು.

ಕೊಟೇಶನ್ ತೆಗೆದುಕೊಂಡ ದಿನ

ಪ್ರಕರಣ ಕೆಟ್ಟದ್ದು ಇಲ್ಲಿ. ಮುಂದೆ ನಡೆದ ಅಪಘಾತದ ದಿನವಲ್ಲ.

ಮೂರು ಕೊಟೇಶನ್ ಬಂದವು: ತಲೆಗೆ ದಿನಕ್ಕೆ ₹590, ₹668, ₹710. ಟೆಂಪೊ ಬಾಡಿಗೆ ಮೂರರಲ್ಲೂ ಘಟಕದ ಖರ್ಚು, ಜಿಎಸ್‌ಟಿ ಬೇರೆ. ₹590ರವನು "ಪಿಎಫ್, ಇಎಸ್‌ಐ, ಬೋನಸ್ ಎಲ್ಲಾ ಸೇರಿ ಸಾರ್" ಎಂದ. ಖರೀದಿ ವಿಭಾಗ ಡ್ರಮ್, ವಿನೆಗರ್ ಕೊಳ್ಳುವ ಹಾಗೆಯೇ ಕಡಿಮೆ ದರದವನಿಗೆ ಆರ್ಡರ್ ಕೊಟ್ಟಿತು.

₹500 ಕೂಲಿ ಕೊಡಬೇಕಾದ ಕಡೆ ಕಾನೂನು ಪ್ರಕಾರ ಏನೇನು ಸೇರುತ್ತದೆ ಎಂದು ಆ ದಿನವೇ ಒಂದು ಹಾಳೆಯಲ್ಲಿ ಬರೆದಿದ್ದರೆ ಹೀಗಿರುತ್ತಿತ್ತು:

ದಿನಗೂಲಿ: ₹500.00
ಪಿಎಫ್ ಮಾಲೀಕರ ಪಾಲು 12%, ವಿಮೆ 0.5%, ಆಡಳಿತ ಶುಲ್ಕ 0.5%: ₹65.00
ಇಎಸ್‌ಐ ಮಾಲೀಕರ ಪಾಲು 3.25%: ₹16.25
ಬೋನಸ್ 8.33%: ₹41.65
ಗಳಿಕೆ ರಜೆ, 20 ದಿನಕ್ಕೆ ಒಂದು: ₹25.00
ರಾಷ್ಟ್ರೀಯ ಮತ್ತು ಹಬ್ಬದ ರಜೆ, ವರ್ಷಕ್ಕೆ 10: ₹16.65
ಒಟ್ಟು: ₹664.55

ಇದರಲ್ಲಿ ಕಂಟ್ರಾಕ್ಟರನಿಗೆ ಒಂದು ಪೈಸೆ ಲಾಭವಿಲ್ಲ. ಗ್ರಾಚ್ಯುಟಿಯನ್ನೂ ಸೇರಿಸಿಲ್ಲ. ಶೇ 6 ಸರ್ವಿಸ್ ಚಾರ್ಜ್ ಹಾಕಿದರೆ ₹704 ಆಗುತ್ತದೆ. ಅಂದರೆ ₹710 ಕೇಳಿದವನು ದುಬಾರಿಯವನಲ್ಲ, ಲೆಕ್ಕ ಬಲ್ಲವನು. ₹668ರವನಿಗೆ ಉಳಿಯುತ್ತಿದ್ದದ್ದು ಮೂರೂವರೆ ರೂಪಾಯಿ, ಅವನನ್ನೂ ಕೂರಿಸಿ ಪ್ರಶ್ನೆ ಕೇಳಬೇಕಿತ್ತು. ₹590ರಲ್ಲಿ ಕೂಲಿ, ಪಿಎಫ್, ಇಎಸ್‌ಐ ಕಟ್ಟಿದರೆ ₹8.75 ಉಳಿಯುತ್ತದೆ. ಅಷ್ಟರಲ್ಲಿ ಬೋನಸ್, ರಜೆ, ಊರಿಂದ ಆಳು ಕೂಡಿಸಿ ತರುವ ಮೇಸ್ತ್ರಿಯ ಕಮಿಷನ್ ಕೊಟ್ಟು ತಾನೂ ಬದುಕಬೇಕು. ಯಾರೂ ಹಾಗೆ ಧರ್ಮಕ್ಕೆ ವ್ಯಾಪಾರ ಮಾಡುವುದಿಲ್ಲ. ದುಡ್ಡು ಬೇರೆಲ್ಲಿಂದಲೋ ಬರಲೇಬೇಕು, ಎಲ್ಲಿಂದ ಎಂದು ಕೇಳುವ ಕೆಲಸ ಆಗಲಿಲ್ಲ.

ಕಾಗದಪತ್ರದಲ್ಲಿ ಇನ್ನೆರಡು ತೂತುಗಳಿದ್ದವು. ಕಂಟ್ರಾಕ್ಟರನ ಲೈಸೆನ್ಸ್ 40 ಜನರಿಗೆ ಪಡೆದದ್ದು. ಘಟಕದ ನೋಂದಣಿಯಲ್ಲೂ 40 ಎಂದೇ ನಮೂದಾಗಿತ್ತು. ಎರಡೂ ಹಿಂದಿನ ಸೀಸನ್ನಿನವು, ಯಾರೂ ತಿದ್ದಿಸಿರಲಿಲ್ಲ. ಇನ್ನೊಂದು, ಕಂಟ್ರಾಕ್ಟರ್ ಹೇಳಿದ ಎರಡು ಮಾತನ್ನು ಕಚೇರಿ ನಂಬಿತ್ತು: "ಮೂರು ತಿಂಗಳಾದ ಮೇಲೆ ಪಿಎಫ್ ಶುರು", "ಸೀಸನ್ ಕಾರ್ಖಾನೆಗೆ ಇಎಸ್‌ಐ ಇಲ್ಲ". ಎರಡೂ ಸುಳ್ಳು. ಪಿಎಫ್ ಮೊದಲ ದಿನದಿಂದಲೇ ಬರುತ್ತದೆ. ಇಎಸ್‌ಐ ಕಾಯ್ದೆಯ ಸೀಸನ್ ಕಾರ್ಖಾನೆಯ ವಿನಾಯಿತಿ ಬಹಳ ಕಿರಿದಾದದ್ದು, ವರ್ಷಕ್ಕೆ ಹತ್ತು ತಿಂಗಳು ನಡೆಯುವ ಈ ಘಟಕ ಅದರೊಳಗೆ ಬರುವುದೇ ಇಲ್ಲ. ಸ್ವಂತ ನೌಕರರಿಗೆ ಇಎಸ್‌ಐ ಕಟ್ಟುತ್ತಿದ್ದ ಘಟಕಕ್ಕೆ ಈ ಸಂಶಯ ಬರಬೇಕಾದ್ದೂ ಇರಲಿಲ್ಲ.

ಭಾನುವಾರ ರಾತ್ರಿ

ಜುಲೈ ಕೊನೆಯ ಭಾನುವಾರ ರಾತ್ರಿ ಗ್ರೇಡಿಂಗ್ ಬೆಲ್ಟಿನ ತುದಿಯ ರೋಲರ್ ಹತ್ತಿರ ಸಿಕ್ಕಿಕೊಂಡ ಕಾಯಿ ತೆಗೆಯಲು ಹೋದ ಒಬ್ಬ ಹೆಂಗಸಿನ ರಬ್ಬರ್ ಗ್ಲೌಸ್ ಬೆಲ್ಟಿಗೂ ರೋಲರ್‌ಗೂ ನಡುವೆ ಸಿಕ್ಕಿತು. ಬಲಗೈಯ ಎರಡು ಬೆರಳು ಜಜ್ಜಿದವು. ರೋಲರ್‌ಗೆ ಇದ್ದ ಗಾರ್ಡನ್ನು ತೊಳೆಯಲು ಬಿಚ್ಚಿ, ಮತ್ತೆ ಹಾಕಿರಲಿಲ್ಲ. ಕೈಗೆಟಕುವಂತೆ ಇರಬೇಕಾದ ನಿಲ್ಲಿಸುವ ಹಗ್ಗ ಬೆಲ್ಟಿನ ಆ ತುದಿಯವರೆಗೆ ಬಂದಿರಲಿಲ್ಲ.

ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದರು. ಇಎಸ್‌ಐ ಸಂಖ್ಯೆ ಕೇಳಿದಾಗ ಕಂಟ್ರಾಕ್ಟರನ ಹುಡುಗ ಒಂದು ಸಂಖ್ಯೆ ಕೊಟ್ಟ. ಅದು ಗಾಯಗೊಂಡವರದ್ದಲ್ಲ, ಅವರ ಓರಗಿತ್ತಿಯದು. ಓರಗಿತ್ತಿಗೆ ಬಾಣಂತನ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹಾಗೇ ಇತ್ತು, ಆ ಹೆಸರಿನಲ್ಲಿ ಇವರು ಐದು ವಾರದಿಂದ ಕೆಲಸಕ್ಕೆ ಬರುತ್ತಿದ್ದರು. ಗೇಟಿನಲ್ಲಿ ಎಣಿಸುತ್ತಿದ್ದರೇ ಹೊರತು ಮುಖ ನೋಡಿ ಹೆಸರು ಕೂಗುತ್ತಿರಲಿಲ್ಲ.

ಇಲ್ಲಿ ಘಟಕದ ಮ್ಯಾನೇಜರ್ ಒಂದು ಸರಿಯಾದ ನಿರ್ಧಾರ ತೆಗೆದುಕೊಂಡರು. ಓರಗಿತ್ತಿಯ ಹೆಸರಿನಲ್ಲೇ ಅಪಘಾತ ವರದಿ ಕಳಿಸಿಬಿಡೋಣ, ಯಾರಿಗೂ ತೊಂದರೆಯಿಲ್ಲ ಎಂದು ಕಂಟ್ರಾಕ್ಟರ್ ಸಲಹೆ ಕೊಟ್ಟಿದ್ದ. ಒಪ್ಪಿದ್ದರೆ ಒಬ್ಬರ ಕೈಗಾಯಕ್ಕೆ ಇನ್ನೊಬ್ಬರ ಹೆಸರಿನಲ್ಲಿ ಸುಳ್ಳು ದಾಖಲೆ ಆಗುತ್ತಿತ್ತು. ವೈದ್ಯಕೀಯ ಮಂಡಳಿಯ ಮುಂದೆ ಬೆರಳು ತೋರಿಸಬೇಕಾದ ದಿನ ಬಂದಾಗ ಯಾರು ಹೋಗುತ್ತಾರೆ? ಮ್ಯಾನೇಜರ್ ನಿಜವಾದ ಹೆಸರಿನಲ್ಲೇ, ಕೆಲಸಕ್ಕೆ ಸೇರಿದ ನಿಜವಾದ ತಾರೀಖು ಹಾಕಿ ಇಎಸ್‌ಐ ನೋಂದಣಿ ಮಾಡಿಸಿದರು, ಅಪಘಾತ ವರದಿ ಹಾಕಿದರು, ಕಾರ್ಖಾನೆಗಳ ಇಲಾಖೆಗೂ ತಿಳಿಸಿದರು. 48 ಗಂಟೆ ಮೀರಿ ಕೆಲಸಕ್ಕೆ ಬರಲಾಗದ ಗಾಯವಾದರೆ ಆ ಇಲಾಖೆಗೆ ತಿಳಿಸುವುದು ಕಡ್ಡಾಯ. ಕಂಟ್ರಾಕ್ಟರ್ ಮೂಲಕ ಬಂದವರೂ ಆಗಿನ ಕಾರ್ಖಾನೆಗಳ ಕಾಯ್ದೆಯಲ್ಲಿ ಆ ಕಾರ್ಖಾನೆಯ ಕಾರ್ಮಿಕರೇ, ಆದ್ದರಿಂದ ಗಾರ್ಡ್ ಇಲ್ಲದ ರೋಲರ್‌ಗೆ ಉತ್ತರ ಹೇಳಬೇಕಾದವನು ಕಾರ್ಖಾನೆಯವನು, ಕಂಟ್ರಾಕ್ಟರ್ ಅಲ್ಲ.

ಕೆಲಸದಲ್ಲಾದ ಗಾಯಕ್ಕೆ ಇಎಸ್‌ಐ ಮೊದಲ ದಿನದಿಂದಲೇ ಅನ್ವಯಿಸುತ್ತದೆ. ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಕಾಯಿಲೆಯ ರಜೆ, ಹೆರಿಗೆ ರಜೆಯಂಥವಕ್ಕೆ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ ಶೇ 90 ಸಿಗುತ್ತದೆ. ಈ ಪ್ರಕರಣದಲ್ಲಿ ಅದು ಸಿಕ್ಕಿತು, ಆದರೆ ತಡವಾಗಿ. ಮೊದಲೇ ನೋಂದಣಿ ಏಕೆ ಆಗಿರಲಿಲ್ಲ ಎಂಬುದಕ್ಕೆ ಬರೆದುಕೊಡಬೇಕಾಯಿತು, ಆಸ್ಪತ್ರೆ ಖರ್ಚು ಅಲ್ಲಿಯವರೆಗೆ ಘಟಕದ ಮೇಲೆ ಬಿತ್ತು. ಆಗಿನ ಇಎಸ್‌ಐ ಕಾಯ್ದೆಯ 40ನೇ ಕಲಮಿನ ಪ್ರಕಾರ ಗುತ್ತಿಗೆಯವರ ವಂತಿಗೆಯನ್ನೂ ಮೊದಲು ಕಟ್ಟಬೇಕಾದವನು ಮುಖ್ಯ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಾರ್ಖಾನೆಯವನೇ. ಆಮೇಲೆ ಕಂಟ್ರಾಕ್ಟರನಿಂದ ವಸೂಲಿ ಮಾಡಿಕೊಳ್ಳುವುದು ಅವನ ಪಾಡು.

ಮೂರು ಕಾಗದ ಪಕ್ಕಪಕ್ಕ ಇಟ್ಟಾಗ

ಅಪಘಾತದ ಮಾರನೇ ದಿನ ಲೆಕ್ಕಪತ್ರ ವಿಭಾಗದವರು ಜೂನ್ ತಿಂಗಳ ಮೂರು ಕಾಗದ ತೆಗೆದು ಒಂದೇ ಮೇಜಿನ ಮೇಲೆ ಹರಡಿದರು: ಕಂಟ್ರಾಕ್ಟರನ ಬಿಲ್, ಗೇಟಿನ ಪುಸ್ತಕ, ಪಿಎಫ್ ಇಸಿಆರ್ (ತಿಂಗಳ ವಂತಿಗೆಯ ರಿಟರ್ನ್) ಜೊತೆಗಿನ ಹೆಸರುಪಟ್ಟಿ. ಅಲ್ಲಿಯವರೆಗೆ ಬಿಲ್ಲಿನ ಜೊತೆ ಪಿಎಫ್ ಚಲನ್ ಬರುತ್ತಿತ್ತು, ಮೊತ್ತ ಇದೆಯಲ್ಲ ಎಂದು ಫೈಲಿಗೆ ಹಾಕುತ್ತಿದ್ದರು. ಚಲನ್‌ನಲ್ಲಿ ಮೊತ್ತ ಮಾತ್ರ ಇರುತ್ತದೆ, ಯಾರ ಹೆಸರಿಗೆ ಎಷ್ಟು ದಿನಕ್ಕೆ ಎಂಬುದು ಇಸಿಆರ್‌ನಲ್ಲಿರುತ್ತದೆ. ಅದೇ ಕಂಟ್ರಾಕ್ಟರ್ ಇನ್ನೊಂದು ಕಾರ್ಖಾನೆಗೂ ಜನ ಕಳಿಸುತ್ತಿದ್ದರೆ ಒಂದೇ ಚಲನ್ ಎರಡೂ ಕಡೆ ತೋರಿಸಬಹುದು. ಹಾಗೆ ತೋರಿಸುವವರು ಕಡಿಮೆಯೇನಿಲ್ಲ.

ಬಿಲ್ಲಿನಲ್ಲಿ ದಿನಕ್ಕೆ ಸರಾಸರಿ 74 ಜನ, 26 ದಿನ, 1,924 ಆಳು-ದಿನ. ಗೇಟಿನ ಎಣಿಕೆಯಲ್ಲಿ ಸರಾಸರಿ 66, ಅಂದರೆ 1,716. ಇಸಿಆರ್‌ನಲ್ಲಿ 38 ಹೆಸರು, ತಲೆಗೆ 12 ದಿನ, ಒಟ್ಟು 456.

ಇಲ್ಲದ 208 ಆಳು-ದಿನಕ್ಕೆ ಘಟಕ ₹1,22,720 ಕೊಟ್ಟಿತ್ತು. ಬಂದ 1,716 ಆಳು-ದಿನಕ್ಕೆ ಕಾರ್ಮಿಕರ ಪಾಲೂ ಸೇರಿ ಕಟ್ಟಬೇಕಿದ್ದ ಪಿಎಫ್ ₹2,14,500, ಕಟ್ಟಿದ್ದು ₹57,000. ಇಎಸ್‌ಐ ಕಟ್ಟಬೇಕಿದ್ದದ್ದು ₹34,320, ಕಟ್ಟಿದ್ದು ₹9,120. ಒಂದೇ ತಿಂಗಳ ಬಾಕಿ ₹1,82,700.

ಹೆಂಗಸರ ಕೈಗೆ ಎಷ್ಟು ಸಿಗುತ್ತಿತ್ತು ಎಂದು ಕೇಳಿದಾಗ ಉಳಿದದ್ದೂ ಬಿಚ್ಚಿಕೊಂಡಿತು. ಕೈಗೆ ನಗದು ₹480, ಕಡಿತವಿಲ್ಲ. ಈಗ ಕಂಟ್ರಾಕ್ಟರನ ಲೆಕ್ಕ ಹಾಕಿ: ಬಿಲ್ ₹11,35,160, ಕೂಲಿಗೆ ₹8,23,680, ಪಿಎಫ್, ಇಎಸ್‌ಐ ಎಂದು ₹66,120, ಮೇಸ್ತ್ರಿಗೆ ತಲೆಗೆ ಹತ್ತರಂತೆ ₹17,160. ಉಳಿದದ್ದು ₹2,28,200. "ನಷ್ಟದ ರೇಟು" ಎಂದು ಅವನು ಹೇಳುತ್ತಿದ್ದ ₹590ರಲ್ಲಿ ಒಂದು ತಿಂಗಳಿಗೆ ಇಷ್ಟು. ಬಿಲ್ಲಿನ ಮೊತ್ತದ ಮೇಲೆ ಶೇ 18 ಜಿಎಸ್‌ಟಿ, ₹2,04,329, ಅವನಿಗೆ ಬೇರೆ ಕೊಟ್ಟಾಗಿತ್ತು. ಅವನು ರಿಟರ್ನ್ ಹಾಕದ್ದರಿಂದ ಅದು ಘಟಕದ ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರ ರಿಟರ್ನ್‌ನಿಂದ ಕೊಂಡವರಿಗೆ ತಯಾರಾಗುವ ತೆರಿಗೆ ಪಟ್ಟಿ) ಕಾಣಿಸಲೇ ಇಲ್ಲ. ರಫ್ತು ಘಟಕಕ್ಕೆ ಮರುಪಾವತಿಯಾಗಿ ಬರಬೇಕಿದ್ದ ದುಡ್ಡು ಅದು.

ಬಿಲ್ಲಿನ ಮೊತ್ತಕ್ಕೆ ಪಿಎಫ್, ಇಎಸ್‌ಐ ಬಾಕಿ ಸೇರಿಸಿ ನಿಜವಾಗಿ ಬಂದ ಆಳುಗಳಿಗೆ ಭಾಗಿಸಿದರೆ ತಲೆಗೆ ₹768 ಬೀಳುತ್ತದೆ. ಬೋನಸ್, ರಜೆ ಕೂಲಿ, ಪಿಎಫ್ ಬಾಕಿಯ ಮೇಲೆ ವರ್ಷಕ್ಕೆ ಶೇ 12 ಬಡ್ಡಿ, ದಂಡ ಇದರಲ್ಲಿಲ್ಲ. ಕಾರ್ಮಿಕರ ಪಾಲನ್ನೂ ಘಟಕದ ಲೆಕ್ಕಕ್ಕೇ ಹಾಕಿದ್ದೇವೆ, ಏಕೆಂದರೆ ಆಗ ಕಡಿತ ಮಾಡದ ಪಾಲನ್ನು ಮುಂದಿನ ತಿಂಗಳುಗಳ ಕೂಲಿಯಲ್ಲಿ ಮುರಿದುಕೊಳ್ಳಲು ಬರುವುದಿಲ್ಲ.

ಬಿಲ್ ತಡೆದರು, ಗೇಟು ನಿಂತಿತು

ಸಿಟ್ಟಿನಲ್ಲಿ ಘಟಕ ಜುಲೈ ಬಿಲ್ಲನ್ನು ಪೂರ್ತಿ ತಡೆಹಿಡಿಯಿತು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಸಹಜವಾದ, ಅತ್ಯಂತ ತಪ್ಪಾದ ನಡೆ ಇದೇ. ಕಂಟ್ರಾಕ್ಟರ್ ಘಟಕದಿಂದ ಬಂದ ದುಡ್ಡಿನಲ್ಲೇ ಬಟವಾಡೆ ಮಾಡುತ್ತಿದ್ದ, ಅವನ ಕೈಯಲ್ಲಿ ಬೇರೆ ಬಂಡವಾಳ ಇರಲಿಲ್ಲ. ಆಗಸ್ಟ್ 7ಕ್ಕೆ ಕೂಲಿ ಆಗಬೇಕಿತ್ತು, ಆಗಲಿಲ್ಲ. 9ನೇ ತಾರೀಖು ಬೆಳಿಗ್ಗೆ ಹೆಂಗಸರು ಗೇಟಿನ ಹೊರಗೇ ಕೂತರು. ಒಳಗೆ 24 ಟನ್ ಕಾಯಿ. ಸಂಜೆಯ ಹೊತ್ತಿಗೆ ಕ್ರೇಟುಗಳ ಅಡಿಯ ಕಾಯಿ ಬೆವರಿ ಮೆತ್ತಗಾಗತೊಡಗಿತ್ತು. ಬಹುಪಾಲನ್ನು ಕೆಳದರ್ಜೆಗೆ ಇಳಿಸಬೇಕಾಯಿತು.

ಕಾನೂನಿನಲ್ಲಿ ದಾರಿ ಇತ್ತು. 1970ರ ಕಾಯ್ದೆಯ 21(4)ನೇ ಕಲಮು: ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಟ್ಟು, ಅದನ್ನು ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು. ಅಂದರೆ ತಡೆಹಿಡಿಯಬೇಕಾದದ್ದು ಕಂಟ್ರಾಕ್ಟರನ ಪಾಲನ್ನು, ಕೂಲಿಯ ಪಾಲನ್ನಲ್ಲ. ಅದೇ ಕಲಮಿನಲ್ಲಿ, ಬಟವಾಡೆಯ ಹೊತ್ತಿಗೆ ಮುಖ್ಯ ಮಾಲೀಕನ ಪ್ರತಿನಿಧಿ ಹಾಜರಿದ್ದು ಸಹಿ ಹಾಕಬೇಕು ಎಂದೂ ಇತ್ತು. ಈ ಘಟಕದಲ್ಲಿ ಸಹಿ ಇತ್ತು, ಪ್ರತಿನಿಧಿ ಇರಲಿಲ್ಲ. ತಿಂಗಳ ಕೊನೆಗೆ ಪುಸ್ತಕ ಕಚೇರಿಗೆ ಬಂದಾಗ ಗುಮಾಸ್ತ ಸಾಲಾಗಿ ಸಹಿ ಮಾಡುತ್ತಿದ್ದ. ಇದ್ದಿದ್ದರೆ ₹480 ಎಂಬುದು ಮೊದಲ ತಿಂಗಳೇ ತಿಳಿಯುತ್ತಿತ್ತು.

10ನೇ ತಾರೀಖು ಘಟಕವೇ ಜುಲೈ ಕೂಲಿ ಕೊಟ್ಟಿತು, ಗೇಟಿನ ಎಣಿಕೆಯ ಪ್ರಕಾರ, ದಿನಕ್ಕೆ ಪೂರ್ತಿ ₹500, ಕಾರ್ಮಿಕರ ಪಾಲನ್ನೂ ತಾನೇ ಭರಿಸಿ. ಉಳಿದ ಬಿಲ್ಲಿನ ಮೊತ್ತವನ್ನು ಹಳೆಯ ಬಾಕಿಗೆ ಹೊಂದಿಸಿಕೊಂಡಿತು. ಕಂಟ್ರಾಕ್ಟರ್ ವಕೀಲರ ನೋಟಿಸು ಕಳಿಸಿದ. ಮೂರು ಕಾಗದಗಳ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸಿದ ಮೇಲೆ ಮಾತು ಮುಂದುವರಿಯಲಿಲ್ಲ.

₹436ರ ಜಗಳ

ಆಗಸ್ಟ್ ಮಧ್ಯದಲ್ಲಿ ಘಟಕ 36 ಜನರನ್ನು ನೇರವಾಗಿ ತನ್ನ ವೇತನಪಟ್ಟಿಗೆ ತೆಗೆದುಕೊಳ್ಳಲು ನಿರ್ಧರಿಸಿತು. ಸೀಸನ್ ನಡುವೆ ಇನ್ನೊಬ್ಬ ಕಂಟ್ರಾಕ್ಟರನಿಗೆ ಎಲ್ಲವನ್ನೂ ಒಪ್ಪಿಸುವ ಯೋಚನೆಯೂ ಇತ್ತು. ಹೊಸಬನೂ ಅದೇ ಟೆಂಪೊದಲ್ಲಿ ಅದೇ ಹೆಂಗಸರನ್ನೇ ತರುತ್ತಾನೆ ಎಂದು ಕೈಬಿಟ್ಟರು. ಮಂದ ದಿನಕ್ಕೂ 40 ಜನ ಬೇಕೇ ಬೇಕು ಎಂದಮೇಲೆ ಅಷ್ಟು ಜನರಿಗೆ ಸರ್ವಿಸ್ ಚಾರ್ಜ್ ಕೊಡುವುದರಲ್ಲಿ ಅರ್ಥವೂ ಇರಲಿಲ್ಲ.

ಕೂಲಿ ₹500, ಪಿಎಫ್ 12%, ಇಎಸ್‌ಐ 0.75% ಕಡಿತ, ಕೈಗೆ ₹436.25 ಎಂದು ಫಲಕ ಹಾಕಿದರು. ಕಾನೂನುಬದ್ಧ, ಪಾರದರ್ಶಕ. ಮಾರನೇ ದಿನ 23 ಜನ ಬರಲಿಲ್ಲ. ಮೇಸ್ತ್ರಿ ಅವರನ್ನು ಟೆಂಪೊ ಸಮೇತ ಬೇರೆ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿದ್ದಳು.

ಕಳ್ಳತನ ಮಾಡುತ್ತಿದ್ದ ಕಂಟ್ರಾಕ್ಟರ್ ₹480 ಕೊಡುತ್ತಿದ್ದ, ನ್ಯಾಯವಾಗಿರುವ ಕಂಪನಿ ₹436 ಎನ್ನುತ್ತಿದೆ! ಭವಿಷ್ಯನಿಧಿ ನಿಮ್ಮದೇ ದುಡ್ಡು ಎಂದು ಎಷ್ಟು ಹೇಳಿದರೂ, ದಿನಸಿ ಅಂಗಡಿಯ ಬಾಕಿ ತೀರುವುದು ಕೈಗೆ ಬಂದ ದುಡ್ಡಿನಿಂದ. ಇನ್ನೊಂದು ತೊಡಕು ಮೇಸ್ತ್ರಿಯ ಬಾಯಿಂದಲೇ ಹೊರಬಂತು: "ಬ್ಯಾಂಕಿಗೆ ಹಾಕ್ತೀವಿ ಅಂತೀರ ಸಾರ್, ಎಟಿಎಂ ಕಾರ್ಡು ಯಜಮಾನ್ರ ಜೇಬಲ್ಲೈತೆ. ಕಂಟ್ರಾಕ್ಟ್ರು ಕೊಟ್ಟಿದ್ದು ನಮ್ ಸೆರಗಿಗೆ ಬೀಳ್ತಿತ್ತು." ಹೆಸರು ದಾಖಲೆಗೆ ಹೋದರೆ ಬಿಪಿಎಲ್ ಕಾರ್ಡಿಗೆ ಕುತ್ತು ಬರುತ್ತದೆ ಎಂಬ ಮಾತೂ ಊರಲ್ಲಿ ಓಡಾಡುತ್ತಿತ್ತು.

ಎರಡು ನಿರ್ಧಾರ ಆದವು. ಒಂದು, ಕೂಲಿಯನ್ನು ₹550ಕ್ಕೆ ಏರಿಸಿದರು. ಕಡಿತ ಕಳೆದು ಕೈಗೆ ₹479.88, ಅಂದರೆ ಮೊದಲು ಸಿಗುತ್ತಿದ್ದಷ್ಟೇ. ಎರಡನೆಯದು ಇದಕ್ಕಿಂತ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ: ಮೇಸ್ತ್ರಿಯನ್ನೇ ಮೇಲ್ವಿಚಾರಕಿಯಾಗಿ ಸಂಬಳಕ್ಕೆ ಸೇರಿಸಿಕೊಂಡರು. ಯಾವ ಮನೆಯಲ್ಲಿ ಮದುವೆ, ಯಾರಿಗೆ ಕಣ ಇದೆ, ಯಾವ ಊರಿನಲ್ಲಿ ಜಾತ್ರೆ, ನಾಳೆ ಎಷ್ಟು ಜನ ಬರುತ್ತಾರೆ ಎಂದು ಹಿಂದಿನ ರಾತ್ರಿಯೇ ಹೇಳಬಲ್ಲವಳು ಅವಳೊಬ್ಬಳೇ. ಕಂಟ್ರಾಕ್ಟರ್ ಎಂಬವನ ಬಳಿ ಇದ್ದದ್ದು ಲೆಟರ್‌ಹೆಡ್, ಜಿಎಸ್‌ಟಿ ಸಂಖ್ಯೆ ಮತ್ತು ಅವಳ ಫೋನ್ ನಂಬರ್. ಗೌರಿ ಹಬ್ಬಕ್ಕೆ ಅವಳ ಕೈಯಿಂದ ಕಂಟ್ರಾಕ್ಟರ್ ಕೊಡಿಸಿದ್ದ ತಲಾ ₹5,000 ಮುಂಗಡದ ಲೆಕ್ಕವನ್ನೂ ಘಟಕ ಆಗಲೇ ತೀರಿಸಿತು. ಮುಂಗಡದ ಹಿಡಿತದಲ್ಲಿ ಜನರನ್ನು ಇಟ್ಟುಕೊಳ್ಳುವುದು ಜೀತದ ಕಾಯ್ದೆಯ ಬಾಗಿಲು ತಟ್ಟುವ ಕೆಲಸ, ಅದನ್ನು ಮುಂದುವರಿಸಬಾರದು.

ಬ್ಯಾಂಕ್ ಖಾತೆಯ ವಿಷಯದಲ್ಲಿ ಘಟಕ ಹಟ ಮಾಡಲಿಲ್ಲ. ಹೆಂಗಸರ ಸ್ವಂತ ಹೆಸರಿನ ಖಾತೆ, ಬೇಕೆಂದವರಿಗೆ ಹೊಸ ಖಾತೆ, ಎಟಿಎಂ ಕಾರ್ಡ್ ಅವರ ಕೈಗೇ. ಉಳಿದದ್ದು ಮನೆಯವರ ವಿಷಯ.

ಹೊಸ ವ್ಯವಸ್ಥೆ ಹೇಗೆ ಓಡಿತು

ಜೋರು ದಿನಗಳ 30-60 ಜನರಿಗೆ ಹೊಸ ಕಂಟ್ರಾಕ್ಟರ್ ಬಂದ. ಒಂದೇ ಕೆಲಸಕ್ಕೆ ನೇರ ನೌಕರರಷ್ಟೇ ಕೂಲಿ ಗುತ್ತಿಗೆಯವರಿಗೂ ಕೊಡಬೇಕೆಂಬುದು ಆಗಿನ ಲೈಸೆನ್ಸಿನ ಷರತ್ತು. ಹಾಗಾಗಿ ಅವನ ದರವೂ ₹550ರ ಮೇಲೆಯೇ ನಿಂತಿತು: ಕಾನೂನಿನ ಬಾಬುಗಳು ಸೇರಿ ₹731, ಶೇ 6 ಸರ್ವಿಸ್ ಚಾರ್ಜ್ ಸೇರಿ ₹775. ಲೈಸೆನ್ಸ್ ಮತ್ತು ನೋಂದಣಿ ಎರಡನ್ನೂ ಸೀಸನ್ನಿನ ಗರಿಷ್ಠ ಸಂಖ್ಯೆಗೆ ಮಾಡಿಸಿದರು.

ಪಾವತಿಯನ್ನು ಮೂರು ಕಂತಿಗೆ ಒಡೆದದ್ದೇ ಒಪ್ಪಂದದ ಜೀವಾಳ. 1ನೇ ತಾರೀಖು ಹಾಜರಿ ಮುಚ್ಚಬೇಕು, 3ಕ್ಕೆ ಹೆಸರುವಾರು ಬಿಲ್ ಬರಬೇಕು. 5ಕ್ಕೆ ಕೂಲಿಯ ಪಾಲು ಮಾತ್ರ ಬಿಡುಗಡೆ, 7ರೊಳಗೆ ಖಾತೆಗಳಿಗೆ ಜಮಾ ಆದ ಬ್ಯಾಂಕ್ ಪಟ್ಟಿ ವಾಪಸ್. ಪಿಎಫ್, ಇಎಸ್‌ಐ ಕಟ್ಟಲು 15 ಕೊನೆಯ ದಿನ. ಹೆಸರುಪಟ್ಟಿ ಸಮೇತ ಕಟ್ಟಿದ ದಾಖಲೆ ತೋರಿಸಿದ ಮೇಲೆ ಆ ಪಾಲು ಮತ್ತು ಸರ್ವಿಸ್ ಚಾರ್ಜ್. ಜಿಎಸ್‌ಟಿಆರ್-2ಬಿ ಪ್ರತಿ ತಿಂಗಳು 14ಕ್ಕೆ ಸಿದ್ಧವಾಗುತ್ತದೆ, ಅದರಲ್ಲಿ ಆ ಬಿಲ್ ಕಂಡ ಮೇಲೆಯೇ ಜಿಎಸ್‌ಟಿ ಮೊತ್ತ. ಬೋನಸ್ ಮತ್ತು ರಜೆಯ ಹಣವನ್ನು ಪ್ರತಿ ತಿಂಗಳು ಕೊಡದೆ, ಅವನು ಕಾರ್ಮಿಕರಿಗೆ ಕೊಟ್ಟ ತಿಂಗಳಲ್ಲಿ ಕೊಡುವುದೆಂದಾಯಿತು. ಇದಕ್ಕೆ ಒಪ್ಪದ ಇಬ್ಬರು ಕಂಟ್ರಾಕ್ಟರುಗಳು ಮಾತುಕತೆಯಲ್ಲೇ ಎದ್ದು ಹೋದರು. ಅವರು ಎದ್ದು ಹೋದದ್ದೇ ಒಂದು ಪರೀಕ್ಷೆ ಎನ್ನಬಹುದು.

ಹಾಜರಿಗೆ ಬೆರಳಚ್ಚು ಯಂತ್ರ ತಂದರು. ಒಂದು ವಾರವೂ ನಡೆಯಲಿಲ್ಲ. ವಿನೆಗರ್, ಉಪ್ಪುನೀರು, ದಿನವಿಡೀ ಒದ್ದೆ ಕೈ. ಬೆರಳ ತುದಿಯ ಚರ್ಮ ಸುಕ್ಕಾಗಿ ಗೆರೆಗಳೇ ಅಳಿಸಿದ್ದವು. ಬಂದವರಲ್ಲಿ ಮೂರನೇ ಒಂದು ಪಾಲು ಜನರನ್ನು ಯಂತ್ರ ಗುರುತಿಸಲೇ ಇಲ್ಲ, ಗೇಟಿನಲ್ಲಿ ಸಾಲು ಬೆಳೆಯಿತು. ಅದನ್ನು ವಾಪಸ್ ಮಾಡಿ ಮುಖ ಗುರುತಿಸುವ ಯಂತ್ರ ಹಾಕಿದ ಮೇಲೆ ಓರಗಿತ್ತಿಯ ಬದಲು ಬರುವುದೂ, ಇಲ್ಲದವರ ಹಾಜರಿಯೂ ಎರಡೂ ನಿಂತವು. ನೀರು, ಆಮ್ಲದಲ್ಲಿ ಕೈಯಾಡಿಸುವ ಯಾವ ಕಾರ್ಖಾನೆಯೂ ಬೆರಳಚ್ಚಿಗೆ ದುಡ್ಡು ಹಾಕಬಾರದು.

ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಮಾಡಿಸುವುದು ಅಂದುಕೊಂಡದ್ದಕ್ಕಿಂತ ನಿಧಾನವಾಯಿತು. ಆಧಾರ್‌ನಲ್ಲಿ ತಂದೆಯ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು. ಒಂದರಲ್ಲಿ "ಲಕ್ಷ್ಮಮ್ಮ", ಇನ್ನೊಂದರಲ್ಲಿ "ಲಕ್ಷ್ಮೀದೇವಮ್ಮ". ಹುಟ್ಟಿದ ದಿನ ಎಲ್ಲರಿಗೂ ಜನವರಿ 1. ಒಟಿಪಿ ಹೋಗುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ. ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆಯೇ ಆಧಾರ್ ತಿದ್ದುಪಡಿ ಮುಗಿಸಬೇಕು. ಆವಕ ಶುರುವಾದ ಮೇಲೆ ಈ ಕೆಲಸಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಇನ್ನೊಂದು ವಿಷಯ ಕಾರ್ಮಿಕ ಇಲಾಖೆಯ ತಪಾಸಣೆಯ ಹೊತ್ತಿಗೆ ತಲೆ ಎತ್ತಿತು. ಹಳೆಯ ವ್ಯವಸ್ಥೆಯಲ್ಲಿ ಘಟಕದ ಸೂಪರ್‌ವೈಸರ್ "ಗ್ರೇಡಿಂಗ್ ಲೇಡೀಸ್" ಎಂಬ ವಾಟ್ಸಾಪ್ ಗುಂಪು ನಡೆಸುತ್ತಿದ್ದ. ರಜೆ ಕೊಡುವುದು, ತಡವಾಗಿ ಬಂದವರನ್ನು ವಾಪಸ್ ಕಳಿಸುವುದು, ಯಾರನ್ನು ಯಾವ ಟೇಬಲ್‌ಗೆ ಹಾಕುವುದು ಎಲ್ಲಾ ಅವನದೇ. ಹಾಗಿದ್ದ ಮೇಲೆ ಕಂಟ್ರಾಕ್ಟರ್ ಯಾತಕ್ಕೆ ಎಂದು ಅಧಿಕಾರಿ ಕೇಳಿದರು. ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದ್ದು ಎರಡು ಮಾತು: ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿ ಕಾಯಂ ಆಗುವುದಿಲ್ಲ, ಆದರೆ ಗುತ್ತಿಗೆ ಬರೀ ತೋರಿಕೆಯದಾಗಿದ್ದರೆ ಅವರು ಮೊದಲಿನಿಂದಲೂ ಮುಖ್ಯ ಮಾಲೀಕನ ನೌಕರರೇ. ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುವ ಉದ್ಯಮಿಗಳು ಬಹಳ. ಈಗ ಗುತ್ತಿಗೆಯವರಿಗೆ ಕಂಟ್ರಾಕ್ಟರನದೇ ಸೂಪರ್‌ವೈಸರ್ ಇದ್ದಾನೆ. ಅವರಿಗೆ ಪ್ರತ್ಯೇಕ ಟೇಬಲ್‌ಗಳು, ಹೇಳಬೇಕಾದದ್ದನ್ನೆಲ್ಲ ಘಟಕ ಅವನಿಗೇ ಹೇಳುತ್ತದೆ. ಸುರಕ್ಷತೆಯ ವಿಷಯದಲ್ಲಿ ಮಾತ್ರ ಈ ಗೋಡೆ ಇಲ್ಲ. ರೋಲರ್ ಗಾರ್ಡ್‌ಗೆ ಸ್ವಿಚ್ ಜೋಡಿಸಿದ್ದಾರೆ, ಗಾರ್ಡ್ ಬಿಚ್ಚಿದರೆ ಬೆಲ್ಟ್ ಓಡುವುದಿಲ್ಲ. ನಿಲ್ಲಿಸುವ ಹಗ್ಗ ಬೆಲ್ಟಿನ ಪೂರ್ತಿ ಉದ್ದಕ್ಕೂ ಇದೆ, ಅದನ್ನು ಯಾರು ಬೇಕಾದರೂ ಎಳೆಯಬಹುದು.

ದರ ಮತ್ತು ಮುಂದಿನ ಸೀಸನ್

ಹಳೆಯ ಲೆಕ್ಕದಲ್ಲಿ, ಇಲ್ಲದ ಆಳುಗಳಿಗೆ ಕೊಟ್ಟದ್ದೂ ಸೇರಿ, ಗ್ರೇಡಿಂಗ್ ಖರ್ಚು ಕೆಜಿಗೆ ₹2.20. ಹೊಸ ಲೆಕ್ಕದಲ್ಲಿ ನೇರ ನೌಕರರಿಂದ ₹2.44, ಗುತ್ತಿಗೆಯವರಿಂದ ₹2.58. ಹೆಚ್ಚಳ 24ರಿಂದ 38 ಪೈಸೆ. ಮಾಲೀಕರಿಗೆ ಇದು ಸಣ್ಣದೆನಿಸಲಿಲ್ಲ, ಎನಿಸಬೇಕಾಗಿಯೂ ಇಲ್ಲ. ಆದರೆ ಬಾಕಿ ಸೇರಿಸಿ ನೋಡಿದರೆ ಜೂನ್ ತಿಂಗಳೂ ಕೆಜಿಗೆ ₹2.56 ಬಿದ್ದಿತ್ತು, ಅದೂ ಬೋನಸ್ ಇಲ್ಲದೆ. ಆಮೇಲೆ ಜಜ್ಜಿದ ಬೆರಳು, ದರ್ಜೆ ಇಳಿದ ಕಾಯಿ ಬೇರೆ.

ಈ ರೀತಿ ಲೇಬರ್ ತೆಗೆದುಕೊಳ್ಳುವವರು ಈಗ ಗಮನಿಸಬೇಕಾದದ್ದು ಹೊಸ ಸಂಹಿತೆ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಗುತ್ತಿಗೆಯ ಅಧ್ಯಾಯ 50 ಜನರಿಂದ ಅನ್ವಯಿಸುತ್ತದೆ. ಗುತ್ತಿಗೆಯವರಿಗೂ ಕ್ಯಾಂಟೀನ್, ಶೌಚಾಲಯ, ಕುಡಿಯುವ ನೀರಿನಂಥ ಸೌಕರ್ಯ ಒದಗಿಸುವ ಹೊಣೆ ನೇರವಾಗಿ ಮುಖ್ಯ ಮಾಲೀಕನದು. ಸಂಸ್ಥೆಯ ಮೂಲ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಹಾಕುವಂತಿಲ್ಲ. ಸೌತೆ ಸಂಸ್ಕರಿಸುವ ಘಟಕಕ್ಕೆ ಗ್ರೇಡಿಂಗ್ ಮೂಲ ಚಟುವಟಿಕೆಯಲ್ಲ ಎಂದು ವಾದಿಸುವುದು ಕಷ್ಟ. ಆದರೆ ಮೂಲ ಚಟುವಟಿಕೆಯಲ್ಲೇ ಕೆಲಸದ ಪ್ರಮಾಣ ಹಠಾತ್ತನೆ ಏರಿ, ನಿಗದಿತ ಸಮಯದಲ್ಲಿ ಮುಗಿಸಬೇಕಾದಾಗ ವಿನಾಯಿತಿ ಇದೆ. ಈ ಘಟಕ ಈಗ ಪ್ರತಿದಿನದ ಆವಕದ ಟನ್, ಅಂದು ಹಾಜರಾದ ನೇರ ನೌಕರರು, ಕರೆಸಿದ ಗುತ್ತಿಗೆಯವರು, ಈ ಮೂರನ್ನು ಒಂದೇ ಪುಸ್ತಕದಲ್ಲಿ ಬರೆದಿಡುತ್ತಿದೆ. 12 ಟನ್ ಬಂದ ದಿನವೂ ಗುತ್ತಿಗೆಯವರು ಕೆಲಸದಲ್ಲಿದ್ದರೆ ಆ ವಿನಾಯಿತಿ ಕೇಳಲು ಬಾಯಿಯಿರುವುದಿಲ್ಲ ಎಂಬ ಕಾರಣಕ್ಕೆ, ಮುಂದಿನ ಸೀಸನ್‌ಗೆ ನೇರ ನೌಕರರನ್ನು 36ರಿಂದ 45ಕ್ಕೆ ಏರಿಸುವ ಕಡತ ಮಾಲೀಕರ ಮೇಜಿನ ಮೇಲಿದೆ.